ಕಾಗೆಯ ಕೋಟೆ

ವೇಲ್ಸ್ ನಾಡಿನ ಈಶಾನ್ಯ ಭಾಗದಲ್ಲಿ, ಡೀ ನದಿಯ ದಡದ ಲಾಂಗೊಲೆನ್ ಎಂಬ ಸಣ್ಣ ಪಟ್ಟಣದ ನೆತ್ತಿಗೆ ಸರಿಯಾಗಿ, ಸುಮಾರು 320 ಮೀಟರ್ ಎತ್ತರದ ಬೋಳುಗುಡ್ಡವೊಂದಿದೆ. ಅದರ ತುದಿಯಲ್ಲಿರುವ ಹಾಳುಗೋಡೆಗಳಿಗೆ ಡಿನಾಸ್ ಬ್ರಾನ್ ಎಂದು ಹೆಸರು. ವೇಲ್ಸ್ ಭಾಷೆಯಲ್ಲಿ ‘ಬ್ರಾನ್’ ಎಂದರೆ ಕಾಗೆ. ಆ ನಾಡಿನ ಪುರಾಣದ ಮಹಾಕಾಯ ದೊರೆಯೊಬ್ಬನ ಹೆಸರೂ ಅದೇ. ಹೀಗೆ ಹೆಸರಿನಿಂದಲೇ ಇಲ್ಲಿ ಚರಿತ್ರೆಯೂ ಐತಿಹ್ಯವೂ ಹೆಣೆದುಕೊಳ್ಳುತ್ತವೆ.

ಊರಿನ ಹಳೆಯ ಸೇತುವೆಯಿಂದ ಹೊರಟು, ಕಾಲುವೆಯನ್ನು ದಾಟಿ, ಹುಲ್ಲುಗಾವಲಿನ ನಡುವೆ ಏರಿದರೆ ಮೊದಲು ಕಾಣುವುದು ಕಬ್ಬಿಣಯುಗದ ಜನ ಎತ್ತಿದ ಮಣ್ಣಿನ ಕೋಟೆ. ಅದರೊಳಗೆ ಬಂಡೆಯನ್ನು ಕಡಿದು ತೋಡಿದ ಕಂದಕ. ಅಲ್ಲಿ ತೆಗೆದ ಕಲ್ಲೇ ಮೇಲಿನ ಗೋಡೆಯಾಯಿತು. ಈಗ ಉಳಿದಿರುವುದು ಹೆಬ್ಬಾಗಿಲ ಭಗ್ನಾವಶೇಷ, ಸಭಾಂಗಣದ ಕಿಟಕಿಗಳು, ಅವುಗಳ ಮೂಲಕ ಕಾಣುವ ಆಕಾಶ.

ಈ ಕಲ್ಲುಕೋಟೆಯನ್ನು 1260ರ ದಶಕದಲ್ಲಿ ಕಟ್ಟಿಸಿದವನು ಉತ್ತರ ಪೊವಿಸ್ಸಿನ ಒಡೆಯ ಗ್ರಿಫಿದ್ ಮೈಲೋರ್ ಎಂದು ವಿದ್ವಾಂಸರ ಅಭಿಪ್ರಾಯ. 1277ರಲ್ಲಿ ಇಂಗ್ಲೆಂಡಿನ ಮೊದಲನೆಯ ಎಡ್ವರ್ಡನ ಸೈನ್ಯ ಏರಿಬಂದಾಗ, ಅದನ್ನು ಶತ್ರುವಿಗೆ ಒಪ್ಪಿಸುವ ಬದಲು ಕಾವಲಿದ್ದವರೇ ಬೆಂಕಿಯಿಟ್ಟರು. ಗೋಡೆಗಳು ಗಟ್ಟಿಯಾಗಿಯೇ ಇದ್ದವು. ದುರಸ್ತಿ ಮಾಡಿಸಿಕೊಳ್ಳಬೇಕೆಂದು ದಂಡನಾಯಕ ಹೆನ್ರಿ ದ ಲೇಸಿ ದೊರೆಗೆ ಸಲಹೆಯಿತ್ತನು. ಆದರೆ 1282ರಲ್ಲಿ ಸೀಮೆ ಜಾನ್ ದ ವಾರೆನ್ನನ ಪಾಲಾಯಿತು; ಅವನು ನದಿಯ ಕೆಳಗಣ ಹೋಲ್ಟ್ ಎಂಬಲ್ಲಿ ಬೇರೊಂದು ಕೋಟೆಯನ್ನು ಆರಂಭಿಸಿದನು. ಡಿನಾಸ್ ಬ್ರಾನ್ ಕೋಟೆಯಾಗಿ ಬಾಳಿದ ಕಾಲ ಎರಡು ದಶಕವೂ ತುಂಬದು. ಹಾಳಾಗಿ ಬಾಳಿದ ಕಾಲ ಏಳು ಶತಮಾನಕ್ಕೂ ಹೆಚ್ಚು.

ಆ ಬರಿದಾದ ಶತಮಾನಗಳನ್ನು ಕಥೆಗಳು ತುಂಬಿದವು. ದೈತ್ಯನ ದೇಹವನ್ನು ಹೊಕ್ಕ ಭೂತವನ್ನು ನಾರ್ಮನ್ ವೀರನೊಬ್ಬ ಇಲ್ಲಿ ಗೆದ್ದನಂತೆ. ಯೇಸುವಿನ ಕಡೆಯ ಭೋಜನದ ಪವಿತ್ರ ಪಾತ್ರೆ ಇಲ್ಲಿಯೇ ಇತ್ತಂತೆ. ಗುಡ್ಡದ ಒಡಲಲ್ಲಿ ಇಂದಿಗೂ ಚಿನ್ನದ ಹಾರ್ಪ್ ವಾದ್ಯ ಹುದುಗಿದೆಯಂತೆ.

ಇವೆಲ್ಲಕ್ಕಿಂತ ಬಾಳಿಕೆ ಬಂದ ಹೆಸರು ಮವಾನ್ವಿಯದು. ಹದಿನಾಲ್ಕನೆಯ ಶತಮಾನದಲ್ಲಿ ಹವೆಲ್ ಎಂಬ ಕವಿ ಡಿನಾಸ್ ಬ್ರಾನಿನ ಈ ಚೆಲುವೆಯನ್ನು ಹಾಡಿದನು. ಆ ವೇಳೆಗೆ ಕೋಟೆ ಹಾಳುಬಿದ್ದಿತ್ತು. ಅಲ್ಲಿಯ ಕಿಟಕಿಯಲ್ಲಿ ಅವಳು ನಿಂತಿದ್ದಳೆಂಬುದನ್ನು ಚರಿತ್ರೆ ಒಪ್ಪಲಾರದು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1847ರಲ್ಲಿ ಸರ್ಕಾರದ ಶಿಕ್ಷಣ ವರದಿಯೊಂದು ವೇಲ್ಸ್ ಭಾಷೆಯನ್ನೂ ಅಲ್ಲಿಯ ಹೆಣ್ಣುಮಕ್ಕಳ ಶೀಲವನ್ನೂ ಹೀಗಳೆಯಿತು. ಆ ಗಾಯ ಇನ್ನೂ ಹಸಿಯಾಗಿದ್ದಾಗ, 1858ರಲ್ಲಿ, ಲಾಂಗೊಲೆನ್ನಿನಲ್ಲಿಯೇ ನೆರೆದ ಕವಿಮೇಳದಲ್ಲಿ ಕೇರಿಯೋಗ್ ಎಂಬ ಕವಿ ಮವಾನ್ವಿಯನ್ನು ಕುರಿತ ಕಾವ್ಯಕ್ಕೆ ಬಹುಮಾನ ಪಡೆದನು. ಘನತೆವೆತ್ತ ಆ ನಾಯಕಿ ವರದಿಗೆ ಜನರ ಭಾಷೆ ಕೊಟ್ಟ ಉತ್ತರದಂತಿದ್ದಳು. 1875ರಲ್ಲಿ ಜೋಸೆಫ್ ಪ್ಯಾರಿ ರಾಗಕ್ಕೆ ಅಳವಡಿಸಿದ ‘ಮವಾನ್ವಿ’ ಗೀತೆಯನ್ನು ವೇಲ್ಸಿನ ಗಾಯಕವೃಂದಗಳು ಇಂದಿಗೂ ಹಾಡುತ್ತವೆ.

ಉತ್ತರದ ಇಳಿಜಾರಿನಲ್ಲಿ ಇಳಿದರೆ ಎದುರಿಗೆ ಸುಣ್ಣಕಲ್ಲಿನ ಬಿಳಿಯ ಪ್ರಪಾತಗಳು; ಅವುಗಳ ಅಡಿಯ ಹಾದಿ ಗುಡ್ಡವನ್ನು ಬಳಸಿ ಮತ್ತೆ ಊರಿಗೆ ತಂದುಬಿಡುತ್ತದೆ. ಐತಿಹ್ಯ ಸುಳ್ಳೆಂದು ತೋರಿಸುವುದು ಚರಿತ್ರಕಾರನಿಗೆ ಕಷ್ಟವಲ್ಲ. ಸೋತ ಜನ ಅದನ್ನು ಏಕೆ ಕಾಪಾಡಿಕೊಂಡರೆಂಬುದನ್ನು ಅರಿಯುವುದೂ ಚರಿತ್ರೆಯ ಕೆಲಸವೇ. ಕೋಟೆಯನ್ನು ಸುಟ್ಟವರು ಅದನ್ನು ಮತ್ತೆ ಕಟ್ಟಲಾಗಲಿಲ್ಲ. ಅವರ ಮಾತನ್ನಾಡಿದವರು ಹಾಡಿನಲ್ಲಿ ಕಟ್ಟಿಕೊಂಡರು.