ಕೈಚೀಲದಲ್ಲಿ ಕತ್ತಲೆ ಕೋಣೆ

1989ರ ಜೂನ್ 5. ಬೀಜಿಂಗ್‌ನ ಹೋಟೆಲೊಂದರ ಬಾಲ್ಕನಿಯಿಂದ ಅಸೋಸಿಯೇಟೆಡ್ ಪ್ರೆಸ್‌ನ ಜೆಫ್ ವೈಡನರ್ ಒಂದು ಚಿತ್ರ ತೆಗೆದರು: ಸಾಲುಗಟ್ಟಿದ ಟ್ಯಾಂಕುಗಳ ಎದುರು ಒಬ್ಬನೇ ನಿಂತ ಮನುಷ್ಯ. ವೀಕ್ಷಕರಲ್ಲಿ ಹಲವರು ಅದನ್ನು ಕಂಡೇ ಇರುತ್ತೀರಿ. ಆದರೆ ಅದು ಹೊರಬಂದ ಬಗೆ? ಒಬ್ಬ ವಿದ್ಯಾರ್ಥಿ ಆ ಫಿಲ್ಮ್ ರೀಲನ್ನು ಒಳಉಡುಪಿನಲ್ಲಿ ಬಚ್ಚಿಟ್ಟುಕೊಂಡು ಹೋಟೆಲಿನಿಂದ ಸಾಗಿಸಿದ. ರೀಲು ವಾರ್ತಾಸಂಸ್ಥೆಯ ಕಚೇರಿ ಸೇರಿ, ಸಂಸ್ಕರಣೆಯಾದ ಮೇಲೆಯೇ ಚಿತ್ರ ಜಗತ್ತಿಗೆ ರವಾನೆಯಾಯಿತು.

ತಂತಿಯ ಮೂಲಕ ಚಿತ್ರ ಕಳುಹಿಸುವ ಏರ್ಪಾಟನ್ನು ಅದೇ ಸಂಸ್ಥೆ 1935ರಲ್ಲೇ ಆರಂಭಿಸಿತ್ತು. ಆದರೆ ತಂತಿ ಇದ್ದ ಕಡೆಗೆ ಫಿಲ್ಮ್ ಹೋಗಬೇಕಿತ್ತು. ಆ ದಾರಿಯಲ್ಲಿ ತೊಳೆಯುವವರು, ಆರಿಸುವವರು, ಶೀರ್ಷಿಕೆ ಬರೆಯುವವರು ಹೀಗೆ ಹಲವು ಕಣ್ಣುಗಳು ಅದರ ಮೇಲೆ ಬೀಳುತ್ತಿದ್ದವು.

ಈ ದಾರಿಯನ್ನು ಮೊಟಕುಗೊಳಿಸಿದ ಉಪಕರಣ ಹುಟ್ಟಿದ್ದು ಪತ್ರಿಕೆಗಳಿಗಾಗಿ ಅಲ್ಲ, ಹಡಗುಗಳಿಗಾಗಿ. ಸಮುದ್ರದ ನಡುವೆ ಸಂಪರ್ಕ ಒದಗಿಸಲೆಂದು 1979ರಲ್ಲಿ ಇನ್ಮಾರ್ಸಾಟ್ ಸಂಸ್ಥೆ ಸ್ಥಾಪನೆಯಾಯಿತು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಅದರ ಉಪಗ್ರಹಗಳು ನಮ್ಮ ಕಣ್ಣಿಗೆ ಆಕಾಶದಲ್ಲಿ ಕದಲದೆ ನಿಂತಂತೆಯೇ. ಆಂಟೆನಾವನ್ನು ಅತ್ತ ತಿರುಗಿಸಿದರಾಯಿತು. 1991ರ ಕೊಲ್ಲಿ ಯುದ್ಧದಲ್ಲಿ ಬಾಗ್ದಾದಿನಿಂದ ಪೀಟರ್ ಆರ್ನೆಟ್ ಅವರ ದನಿ ಸಿಎನ್‌ಎನ್‌ಗೆ ತಲುಪಿದ್ದು ಇಂಥದೇ ಫೋನಿನಿಂದ.

ದನಿ ಕಳುಹಿಸುವುದು ಸುಲಭ, ಚಿತ್ರ ಕಷ್ಟ. ವಿಜ್ಞಾನ ಓದಿದವನ ಚಪಲ, ಒಂದು ಲೆಕ್ಕ ಹಾಕಿಬಿಡುತ್ತೇನೆ. ಒಂದು ಮೆಗಾಬೈಟ್ ಚಿತ್ರವೆಂದರೆ ಸುಮಾರು 80 ಲಕ್ಷ ಬಿಟ್. ಸೆಕೆಂಡಿಗೆ 2,400 ಬಿಟ್ ಸಾಗಿಸುವ ಫೋನಿನಲ್ಲಿ ಅದಕ್ಕೆ 55 ನಿಮಿಷ ಬೇಕು. 1999ರ ಸುಮಾರಿಗೆ ಬಂದ, 64,000 ಬಿಟ್ ಸಾಗಿಸುವ ಉಪಕರಣದಲ್ಲಿ ಎರಡೇ ನಿಮಿಷ. ಅದೇ ವರ್ಷ ನಿಕಾನ್ ಡಿ1 ಡಿಜಿಟಲ್ ಕ್ಯಾಮೆರಾ ಬಂತು. ಕ್ಯಾಮೆರಾ, ಲ್ಯಾಪ್‌ಟಾಪ್, ಉಪಗ್ರಹ ಫೋನು: ಕತ್ತಲೆ ಕೋಣೆ ಛಾಯಾಗ್ರಾಹಕನ ಚೀಲಕ್ಕೇ ಬಂದುಬಿಟ್ಟಿತು. ಆದರೂ ಪ್ರತಿ ನಿಮಿಷಕ್ಕೆ ಹಣ. ಆದ್ದರಿಂದ ದಿನವಿಡೀ ತೆಗೆದ ನೂರಾರು ಚಿತ್ರಗಳಲ್ಲಿ ಕೆಲವನ್ನಷ್ಟೇ ಕಳುಹಿಸಲು ಸಾಧ್ಯ. ಯಾವುವು? ಆ ತೀರ್ಮಾನ ಈಗ ದಣಿದು ಕುಳಿತ ಒಬ್ಬನೇ ವ್ಯಕ್ತಿಯದು.

2003ರ ಇರಾಕ್ ಯುದ್ಧದಲ್ಲಿ ಇದರ ಎರಡು ಮುಖಗಳೂ ಕಂಡವು. ತುರಾಯಾ ಫೋನುಗಳಲ್ಲಿದ್ದ ಜಿಪಿಎಸ್ ಸೇನೆಯ ಇರುವು ಬಯಲು ಮಾಡಬಹುದೆಂದು ಅಮೆರಿಕದ ಸೇನೆ ತನ್ನ ಜೊತೆಗಿದ್ದ ಪತ್ರಕರ್ತರಿಗೆ ಅವುಗಳ ಬಳಕೆ ನಿಷೇಧಿಸಿತು. ಇನ್ನೊಂದು, ನನ್ನನ್ನು ಹೆಚ್ಚು ಕಾಡುವುದು, ಬ್ರಯಾನ್ ವಾಲ್ಸ್ಕಿ ಪ್ರಕರಣ. ಲಾಸ್ ಏಂಜಲೀಸ್ ಟೈಮ್ಸ್‌ನ ಈ ಛಾಯಾಗ್ರಾಹಕ ಬಸ್ರಾದ ಬಳಿ ಬ್ರಿಟಿಷ್ ಸೈನಿಕ ಮತ್ತು ನಾಗರಿಕರ ಚಿತ್ರಗಳನ್ನು ತೆಗೆದರು. ಕ್ಷಣಗಳ ಅಂತರದಲ್ಲಿ ತೆಗೆದ ಎರಡನ್ನು ಲ್ಯಾಪ್‌ಟಾಪಿನಲ್ಲಿ ಜೋಡಿಸಿ ಒಂದನ್ನಾಗಿಸಿ ಕಳುಹಿಸಿದರು. ಮಾರ್ಚ್ 31ರಂದು ಅದು ಮುಖಪುಟದಲ್ಲಿ ಪ್ರಕಟವಾಯಿತು. ಹಿನ್ನೆಲೆಯಲ್ಲಿ ಅದೇ ಜನ ಎರಡು ಸಲ ಕುಳಿತಿರುವುದನ್ನು ಇನ್ನೊಂದು ಪತ್ರಿಕೆಯ ಕಚೇರಿಯಲ್ಲಿ ಪತ್ತೆಹಚ್ಚಲಾಯಿತು. ವಾಲ್ಸ್ಕಿ ಕೆಲಸ ಕಳೆದುಕೊಂಡರು.

ಅನುಭವಿ ಛಾಯಾಗ್ರಾಹಕ ಹೀಗೇಕೆ ಮಾಡಿದರೆಂದು ಅನೇಕರು ಕೇಳಿದರು. ಸಂಯೋಜನೆ ಚೆನ್ನಾಗಿರಲೆಂದು, ಅಷ್ಟೆ. ಫಿಲ್ಮಿನ ಕಾಲವಾಗಿದ್ದರೆ ಆ ಎರಡು ಚಿತ್ರಗಳೂ ಒಂದೇ ನೆಗೆಟಿವ್ ಪಟ್ಟಿಯಲ್ಲಿ, ಸಂಪಾದಕರ ಮೇಜಿನ ಮೇಲೆ, ಅಕ್ಕಪಕ್ಕದಲ್ಲೇ ಇರುತ್ತಿದ್ದವು.