ವುಲ್ತುರೆ ಬೆಟ್ಟದ ಕೆಂಪು ವೈನ್

ಇಟಲಿಯ ವೈನ್ ಎಂದೊಡನೆ ಎಲ್ಲರೂ ಟಸ್ಕನಿಯ ಹೆಸರು ಹೇಳುತ್ತಾರೆ. ನನ್ನ ಮನಸ್ಸು ಓಡುವುದು ದಕ್ಷಿಣದ ಬಡ ಸೀಮೆ ಬಸಿಲಿಕಾತಾಕ್ಕೆ, ಅಲ್ಲಿನ ಆರಿದ ಜ್ವಾಲಾಮುಖಿ ವುಲ್ತುರೆಯ ಕಡೆಗೆ. 1,326 ಮೀಟರ್ ಎತ್ತರದ ಈ ಬೆಟ್ಟದ ಇಳಿಜಾರುಗಳಲ್ಲಿ ಅಲ್ಯಾನಿಕೊ ದ್ರಾಕ್ಷಿ ನಿಧಾನವಾಗಿ ಮಾಗುತ್ತದೆ. ಉಳಿದೆಡೆ ಕೊಯ್ಲು ಮುಗಿದ ಮೇಲೆ, ಅಕ್ಟೋಬರ್ ಕೊನೆಯ ಹೊತ್ತಿಗೆ, ಇಲ್ಲಿ ಗೊಂಚಲು ಕತ್ತರಿಸುತ್ತಾರೆ. ಎಳೆಯ ವೈನ್ ಬಾಳೆಕಾಯಿಯ ಒಗರಿನಂತೆ ನಾಲಿಗೆ ಹಿಡಿಯುತ್ತದೆ. ಕೆಲವು ವರ್ಷ ಕಾದರೆ ಮೆದುವಾಗುತ್ತದೆ, ಕಾಯಬೇಕು.

ನನಗೆ ಹೆಚ್ಚು ಪ್ರೀತಿ ಇದೇ ಬೆಟ್ಟದ ಬರೀಲೆ ಊರಿನ ಕಥೆಯ ಮೇಲೆ. 15ನೇ ಶತಮಾನದಲ್ಲಿ ತುರ್ಕರ ದಾಳಿಯಿಂದ ತಪ್ಪಿಸಿಕೊಂಡು ಬಂದ ಅಲ್ಬೇನಿಯನ್ನರು ಅಲ್ಲಿ ನೆಲೆಯಾದರು. ಮೆದುಕಲ್ಲಿನ ಗುಡ್ಡ ಕೊರೆದು ಮಾಡಿದ ಗವಿಗಳಲ್ಲಿ ವೈನ್ ಪೀಪಾಯಿ ಇಡುತ್ತಿದ್ದರು. ಬೇಸಿಗೆಯಲ್ಲೂ ಒಳಗೆ ತಂಪು. ಚಿತ್ರ ನಿರ್ದೇಶಕ ಪಸೋಲಿನಿ 1964ರಲ್ಲಿ ತೆರೆಕಂಡ ತನ್ನ ಕ್ರಿಸ್ತನ ಚಿತ್ರಕ್ಕೆ ಬೆತ್ಲೆಹೆಮ್ ಆಗಿ ಆರಿಸಿಕೊಂಡದ್ದು ಈ ಊರನ್ನೇ.

ಬಹುಕಾಲ ಇಲ್ಲಿನ ವೈನ್ ಹೆಸರಿಲ್ಲದೆ ಉತ್ತರಕ್ಕೆ ಸಾಗಿ ಅಲ್ಲಿನ ತೆಳು ವೈನುಗಳಿಗೆ ಬಣ್ಣ, ಬಲ ತುಂಬಿತು. ಬೆಳೆದವರಿಗೆ ಆದ ಅನ್ಯಾಯವಿದು. 1957ರಲ್ಲಿ ವೆನೋಸಾದ, ಅಂದರೆ ಹೊರೇಸ್ ಕವಿಯ ಹುಟ್ಟೂರಿನ, ಬೆಳೆಗಾರರು ಸಹಕಾರ ಸಂಘ ಕಟ್ಟಿದರು; 1971ರಲ್ಲಿ ಇಲ್ಲಿನ ವೈನಿಗೆ ಸರ್ಕಾರದ ಮಾನ್ಯತೆಯೂ ಸಿಕ್ಕಿತು. ಬೆಲೆ ಮಾತ್ರ ಇಂದಿಗೂ ಉತ್ತರದ ಹೆಸರಾಂತ ಬಾರೋಲೊ ವೈನಿಗಿಂತ ಬಹಳ ಕಡಿಮೆ.