ಆರ್‌ಟಿಐ ಅರ್ಜಿಯನ್ನು ಇಂಗ್ಲಿಷ್‌ನಲ್ಲೇ, ಕಾನೂನಿನ ಭಾಷೆಯಲ್ಲೇ ಬರೆಯಬೇಕೆ?

‘ಆರ್‌ಟಿಐ ಅರ್ಜಿ ಇಂಗ್ಲಿಷ್‌ನಲ್ಲಿರಬೇಕು, ವಕೀಲರ ಶೈಲಿಯಲ್ಲಿರಬೇಕು, ಮಾಹಿತಿ ಯಾಕೆ ಬೇಕೆಂದು ಹೇಳಲೇಬೇಕು, ಇಲ್ಲವಾದರೆ ತಿರಸ್ಕಾರ ಗ್ಯಾರಂಟಿ’ ಎಂಬಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಈ ಮೂರೂ ಮಾತುಗಳು ತಪ್ಪು.

ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 6(1)ರ ಪ್ರಕಾರ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು. ಕರ್ನಾಟಕದಲ್ಲಿ ಅದು ಕನ್ನಡ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ, ಅದನ್ನು ಬರಹಕ್ಕಿಳಿಸಲು ಸಾರ್ವಜನಿಕ ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಇದು ಉಪಕಾರವಲ್ಲ, ಕಾಯ್ದೆ ಹೊರಿಸಿರುವ ಕರ್ತವ್ಯ. ಸೆಕ್ಷನ್ 6(2)ರಂತೆ ಕಾರಣ ಕೇಳುವ ಹಾಗಿಲ್ಲ. ನಿಮ್ಮನ್ನು ಸಂಪರ್ಕಿಸಲು ಬೇಕಾದ ವಿವರ ಇದ್ದರೆ ಸಾಕು. ಶುಲ್ಕ 10 ರೂ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ.

ಹಾಗಾದರೆ ಹೇಗೆ ಬರೆದರೂ ನಡೆಯುತ್ತದೆಯೇ? ಇಲ್ಲ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಂದ್ರ ಸರ್ಕಾರದ ಕಚೇರಿಗಳಿಗೆ ಈ ಮಿತಿ 500 ಪದ. ಫಾರ್ವರ್ಡ್ ಆಗಿ ಬರುವ ಮಾದರಿಗಳಲ್ಲಿ ‘ತಮ್ಮ ಘನ ಸನ್ನಿಧಾನದಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದೆಲ್ಲ ಇರುತ್ತದಲ್ಲ, ಅದು ಈ 150 ಪದಗಳನ್ನು ತಿನ್ನುತ್ತದೆ ಅಷ್ಟೆ. ‘ಮಾನ್ಯರೇ’ ಎಂಬ ಒಂದು ಪದದಲ್ಲಿ ಮರ್ಯಾದೆ ಮುಗಿಯುತ್ತದೆ.

ಅರ್ಜಿಗಳು ನಿಜವಾಗಿ ಎಡವುವುದು ಬೇರೆ ಕಡೆ. ‘ನಮ್ಮ ಬೀದಿಯ ರಸ್ತೆ ಯಾಕೆ ಹಾಳಾಗಿದೆ? ಗುತ್ತಿಗೆದಾರರ ಜತೆ ಯಾರು ಶಾಮೀಲಾಗಿದ್ದಾರೆ?’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಕಾಯ್ದೆಯಡಿ ‘ಮಾಹಿತಿ’ ಎಂದರೆ ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ. ಅಧಿಕಾರಿ ಹೊಸದಾಗಿ ಮಾಹಿತಿ ಸೃಷ್ಟಿಸಬೇಕಿಲ್ಲ, ಸಲಹೆ ಅಥವಾ ಅಭಿಪ್ರಾಯ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಅದೇ ಸಿಟ್ಟನ್ನು ಹೀಗೆ ಬರೆಯಿರಿ: ‘2023-24ನೇ ಸಾಲಿನಲ್ಲಿ ನಮ್ಮ ವಾರ್ಡಿನ 3ನೇ ಅಡ್ಡರಸ್ತೆಯಲ್ಲಿ ನಡೆದ ಡಾಂಬರೀಕರಣದ ಎಸ್ಟಿಮೇಟ್, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು ಮತ್ತು ಪಾವತಿಸಿದ ಬಿಲ್‌ಗಳ ಪ್ರತಿ ಕೊಡಿ.’ ಇಲ್ಲಿ ಒಂದೂ ಕಠಿಣ ಪದವಿಲ್ಲ. ಆದರೆ ಯಾವ ವರ್ಷ, ಯಾವ ಜಾಗ, ಯಾವ ಕಾಗದ ಎಂಬುದು ಖಚಿತವಾಗಿದೆ. ರಸ್ತೆ ಯಾಕೆ ಕಿತ್ತುಹೋಯಿತು ಎಂಬ ಉತ್ತರದ ಸುಳಿವು ಆ ಅಳತೆ ಪುಸ್ತಕದಲ್ಲೇ ಇರಬಹುದು.

ಎಲ್ಲ ಅರ್ಜಿಗೂ ಈ ಸಲಿಗೆ ಇಲ್ಲ, ನೆನಪಿರಲಿ. ಪ್ಯಾನ್, ಪಾಸ್‌ಪೋರ್ಟ್ ಅರ್ಜಿಗಳಲ್ಲಿ ಹೆಸರಿನ ಅಂಕಣದಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಹೆಸರಿನ ಜತೆಗೆ ಶ್ರೀ, ಡಾ. ಸೇರಿಸಲೂಬಾರದು. ಹೆಸರಿಗೆ ಮುಂಚೆ ಎರಡಕ್ಷರ ಇಟ್ಟುಕೊಂಡೇ ಬೆಳೆದ ನಮಗೆ ಇದು ತುಸು ಕಿರಿಕಿರಿಯೇ.

ಆರ್‌ಟಿಐ ಅರ್ಜಿ ತಪ್ಪು ಕಚೇರಿಗೆ ಹೋದರೂ ಚಿಂತಿಸಬೇಡಿ. ಅದನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ನಂತರದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು. ಅದಕ್ಕೂ ಕನ್ನಡ ಸಾಕು.